ಬಳ್ಳಿ ಹುರುಳಿಕಾಯಿ ಮನೆಯಲ್ಲೇ ಬೆಳೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಹಡಿ ಮೇಲೆ ಬಳ್ಳಿ ಬೀನ್ಸ್ ಹಾಕಿದ್ದೇನೆ ಎಂದು ಯಾರಿಗಾದರೂ ಹೇಳಿದರೆ ಸಾಕು, ಪ್ರಶ್ನೆ ಶುರು. ನಮ್ಮದೂ ಹಬ್ಬಿದೆ, ಕಾಯಿ ಯಾಕಿಲ್ಲ? ಹೂ ಯಾಕೆ ಉದುರುತ್ತೆ? ಈ ಕಪ್ಪು ಹೇನಿಗೆ ಏನು ಮಾಡೋದು? ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಿ ಸಾಕಾಗಿ ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ನಾನು ಕೃಷಿ ಓದಿದವಳಲ್ಲ. ಸಾಗರದ ಕಡೆ ಹಿತ್ತಲಲ್ಲಿ ಅಮ್ಮನ ಹಿಂದೆ ತಿರುಗಿ ಕಲಿತದ್ದು, ಆಮೇಲೆ ಬೆಂಗಳೂರಿನ ಮಹಡಿಯಲ್ಲಿ ಕೈ ಸುಟ್ಟುಕೊಂಡು ಕಲಿತದ್ದು, ಅಷ್ಟೇ ನನ್ನ ಬಂಡವಾಳ.

ಹುರುಳಿಕಾಯಿ, ಬೀನ್ಸ್, ಅವರೆ, ಅಲಸಂದೆ ಎಲ್ಲ ಒಂದೇನಾ?

ಅಲ್ಲ. ಈ ಗೊಂದಲ ಬಗೆಹರಿದರೆ ಅರ್ಧ ಕೆಲಸ ಮುಗಿದ ಹಾಗೆ.

ಪೇಟೆಯಲ್ಲಿ ಬೀನ್ಸ್ ಎಂದು ಸಿಗುವುದೇ ಹುರುಳಿಕಾಯಿ. ಕೆಲವು ಕಡೆ ತಿಂಗಳ ಹುರುಳಿ ಅಂತಲೂ ಕರೆಯುತ್ತಾರೆ. ಸಾರು ಮಾಡುವ ಹುರುಳಿಕಾಳೂ ಇದೂ ಬೇಳೆಕಾಳುಗಳ ಒಂದೇ ಕುಟುಂಬದವಾದರೂ ಅದು ಬೇರೆಯೇ ಗಿಡ. ಬೀನ್ಸ್ ಮೂಲತಃ ನಮ್ಮದಲ್ಲ. ಮೆಕ್ಸಿಕೊ ಕಡೆ ಮತ್ತು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಕಡೆ ಸಾವಿರಾರು ವರ್ಷ ಹಿಂದೆ ಜನ ಪಳಗಿಸಿದ ಬೆಳೆ. ಹಾಗಾಗಿ ಅದಕ್ಕೆ ಬೆಟ್ಟದ ತಂಪು ಇಷ್ಟ, ಸುಡುವ ಬಿಸಿಲು ಕಷ್ಟ.

ಚಪ್ಪರದವರೆ ನಮ್ಮ ಹಳೇ ಬಳ್ಳಿ. ಇದು ಚಳಿಗಾಲದ್ದು. ಅಲಸಂದೆ, ಅಂದರೆ ಮಂಗಳೂರು ಕಡೆಯವರ ಅಲಸಂಡೆ, ಬಿಸಿಲಿನ ಬಳ್ಳಿ. ಮೂರೂ ಗಳ ಹತ್ತುತ್ತವೆ, ಮೂರರಲ್ಲೂ ಪಲ್ಯ ಆಗುತ್ತದೆ, ಆದರೆ ಮೂರಕ್ಕೂ ಬೇಕಾದ ತಿಂಗಳು ಬೇರೆ. ಕಾಯಿ ಬರಲಿಲ್ಲ ಎಂದು ನನ್ನ ಹತ್ತಿರ ಬಂದು ಹೇಳುವವರಲ್ಲಿ ಹೆಚ್ಚಿನವರು ಮಾಡಿದ್ದು ಒಂದೇ ತಪ್ಪು. ಸರಿಯಾದ ಬೀಜವನ್ನು ತಪ್ಪು ತಿಂಗಳಲ್ಲಿ ಹಾಕಿರುತ್ತಾರೆ.

ಗಿಡ ಬೀನ್ಸ್ ಸುಲಭ ಅಲ್ವಾ? ಬಳ್ಳಿ ಯಾಕೆ ಬೇಕು?

ಸುಲಭವೇ. ಗಳ ಬೇಡ, ಹಗ್ಗ ಬೇಡ, 45–50 ದಿನಕ್ಕೆ ಕಾಯಿ. ಆದರೆ ಎರಡು ಮೂರು ಸಲ ಕಿತ್ತರೆ ಗಿಡದ ಕಥೆ ಮುಗಿಯುತ್ತದೆ. ಬಳ್ಳಿ ಬೀನ್ಸ್ ಶುರುವಾಗುವುದು ತಡ, 60 ದಿನ ಹಿಡಿಯುತ್ತದೆ, ಆದರೆ ಶುರುವಾದ ಮೇಲೆ ಒಂದು ತಿಂಗಳಿಗೂ ಜಾಸ್ತಿ ಕೊಡುತ್ತಲೇ ಇರುತ್ತದೆ. ಎರಡಡಿ ಜಾಗದಲ್ಲಿ ಏಳಡಿ ಎತ್ತರ ಬೆಳೆಯುತ್ತದೆ. ಸೈಟು ಮೂವತ್ತು-ನಲವತ್ತು ಇರುವವರಿಗೆ ನೆಲಕ್ಕಿಂತ ಆಕಾಶ ಸಸ್ತಾ ಅಲ್ವಾ? ಇನ್ನೊಂದು ಸುಖ, ಬಗ್ಗದೆ ನಿಂತುಕೊಂಡೇ ಕೀಳಬಹುದು. ಮಂಡಿ ನೋವಿದ್ದವರಿಗೆ ಇದರ ಬೆಲೆ ಗೊತ್ತು.

ಯಾವ ತಿಂಗಳು ಬೀಜ ಹಾಕಬೇಕು?

ಬೆಂಗಳೂರು, ಮೈಸೂರು, ಹಾಸನದ ಕಡೆ ಬಳ್ಳಿ ಹುರುಳಿಕಾಯಿಗೆ ಎರಡು ಹೊತ್ತು. ಒಂದು ಜೂನ್-ಜುಲೈ, ಇನ್ನೊಂದು ಗಣಪತಿ ಹಬ್ಬ ಮುಗಿದ ಮೇಲೆ, ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮಧ್ಯದ ತನಕ. ನನಗೆ ಎರಡನೆಯದೇ ಇಷ್ಟ. ಮಳೆ ಇಳಿದಿರುತ್ತದೆ, ಬಿಸಿಲು ಹದವಾಗಿರುತ್ತದೆ, ಹೂ ಬಿಡುವ ಹೊತ್ತಿಗೆ ಚಳಿ. ಹದಿನಾರರಿಂದ ಇಪ್ಪತ್ತೈದು ಡಿಗ್ರಿ ಒಳಗೆ ಇದ್ದರೆ ಈ ಬಳ್ಳಿಗೆ ಸ್ವರ್ಗ. ಮೂವತ್ತು ದಾಟಿದರೆ ಹೂ ನಿಲ್ಲುವುದಿಲ್ಲ.

ಮಲೆನಾಡಿನಲ್ಲಿ ಜೂನ್‌ನಲ್ಲಿ ಹಾಕಲೇಬೇಡಿ. ಮೃಗಶಿರಾ ಮಳೆಯಲ್ಲಿ ಬೀಜ ಕೊಳೆತು ನಾರುತ್ತದೆ. ನಮ್ಮ ಅಮ್ಮ ಮಳೆ ಕಡಿಮೆಯಾಗುವ ತನಕ ಬೀಜದ ಡಬ್ಬಿಯನ್ನು ಮುಟ್ಟಲೂ ಬಿಡುತ್ತಿರಲಿಲ್ಲ. ಕರಾವಳಿಯವರು ಬೀನ್ಸ್ ಆಸೆ ಬಿಟ್ಟು ಅಲಸಂಡೆ ಹಾಕಿಕೊಂಡರೆ ಒಳ್ಳೆಯದು, ಸೆಕೆಯಲ್ಲಿ ಬೀನ್ಸ್ ಸೊರಗುತ್ತದೆ. ಕಲಬುರಗಿ, ರಾಯಚೂರು ಕಡೆಯವರಿಗೆ ಅಕ್ಟೋಬರ್-ನವೆಂಬರ್ ಒಂದೇ ದಾರಿ.

ಬೇಸಿಗೆಯಲ್ಲಿ ಏನಾದರೂ ಹಬ್ಬಿಸಲೇಬೇಕು ಅನಿಸಿದರೆ ಫೆಬ್ರವರಿ-ಮಾರ್ಚಲ್ಲಿ ಅಲಸಂದೆ ಹಾಕಿ. ಏಪ್ರಿಲ್ ಬಿಸಿಲಿಗೂ ಜಗ್ಗುವುದಿಲ್ಲ. ಚಪ್ಪರದವರೆಗೆ ಜೂನ್‌ನಿಂದ ಆಗಸ್ಟ್.

ಫೆಬ್ರವರಿಯಲ್ಲಿ ಚಪ್ಪರದವರೆ ಹಾಕಿದೆ, ಮನೆ ತುಂಬ ಬಳ್ಳಿ, ಒಂದೂ ಹೂ ಇಲ್ಲ. ಬೀಜ ಕೆಟ್ಟದ್ದಾ?

ಬೀಜ ಚೆನ್ನಾಗಿಯೇ ಇದೆ. ನಾನೂ ಇದನ್ನು ಮಾಡಿದ್ದೇನೆ. ಆ ವರ್ಷ ಬಳ್ಳಿ ನೀರಿನ ಟ್ಯಾಂಕು ಮುಚ್ಚಿ, ಬಟ್ಟೆ ಒಣಗಿಸುವ ತಂತಿ ಹಿಡಿದು, ಪಕ್ಕದ ಮನೆಯವರ ಡಿಶ್ ಆಂಟೆನಾಗೆ ಸುತ್ತಿಕೊಂಡಿತು. ಅವರು ಬಂದು ಟಿವಿ ಬರ್ತಿಲ್ಲ ಎಂದರು. ನಾನು ಗೊಬ್ಬರ ಕಡಿಮೆಯಾಯಿತೇನೋ ಎಂದು ಇನ್ನಷ್ಟು ಹಾಕಿದೆ. ಇನ್ನಷ್ಟು ಎಲೆ ಬಂತು. ಅಮ್ಮನಿಗೆ ಫೋನ್ ಮಾಡಿ ಕೇಳಿದರೆ ನಕ್ಕುಬಿಟ್ಟರು. "ಅದಕ್ಕೆ ಹೊತ್ತು ಗೊತ್ತು ಮಾರಾಯ್ತಿ, ದೀಪಾವಳಿ ಬರಲಿ" ಎಂದರು. ಬಂತು. ದೀಪಾವಳಿ ಹೊತ್ತಿಗೆ ಗೊಂಚಲು ಗೊಂಚಲು ನೇರಳೆ ಹೂ.

ಕಾರಣ ಇಷ್ಟೇ. ನಾಟಿ ಅವರೆ ಹಗಲಿನ ಉದ್ದ ನೋಡಿ ಹೂ ಬಿಡುವ ಬಳ್ಳಿ. ಹಗಲು ಚಿಕ್ಕದಾಗಿ ರಾತ್ರಿ ಉದ್ದವಾಗಲು ಶುರುವಾದ ಮೇಲೇ ಅದಕ್ಕೆ ಹೂವಿನ ನೆನಪಾಗುವುದು. ಅದಕ್ಕೇ ಅವರೆಕಾಯಿ ಸುಗ್ಗಿ ಡಿಸೆಂಬರ್-ಜನವರಿಯಲ್ಲಿ, ಅದಕ್ಕೇ ಬೆಂಗಳೂರಿನ ಅವರೆ ಮೇಳವೂ ಸಂಕ್ರಾಂತಿಯ ಆಸುಪಾಸಿನಲ್ಲಿ. ವರ್ಷವಿಡೀ ಕಾಯಿ ಬಿಡುವ ತಳಿಗಳೂ ಇವೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಅಂಥವು. ಆದರೆ ಅವು ಗಿಡ್ಡ ಗಿಡ, ಬಳ್ಳಿ ಅಲ್ಲ.

ಬಳ್ಳಿ ಬೀನ್ಸ್‌ನಲ್ಲಿ ಈಗ ಬೀಜ ಸಿಗುವ ಹೆಚ್ಚಿನ ತಳಿಗಳಿಗೆ ಹಗಲಿನ ಉದ್ದದ ಈ ಹಟ ಇಲ್ಲ. ಅದರ ಹಟವೆಲ್ಲ ಬಿಸಿಲಿನ ಮೇಲೆ.

ಯಾವ ತಳಿ? ಬೀಜ ಎಲ್ಲಿ ಸಿಗುತ್ತದೆ?

ಮೊದಲು ಒಂದು ಎಚ್ಚರಿಕೆ. ಪೊಟ್ಟಣದ ಮೇಲೆ ಸುಮ್ನೆ "ಬೀನ್ಸ್" ಎಂದಿದ್ದರೆ ಹೆಚ್ಚಾಗಿ ಅದು ಗಿಡ ಬೀನ್ಸ್. ಒಂದು ಸಲ ಅಂಗಡಿಯವರು ಬಳ್ಳಿಯದೇ ಅಂತ ಆಣೆ ಮಾಡಿ ಕೊಟ್ಟರು. ನಾನು ಎಂಟಡಿ ಬಿದಿರು ನೆಟ್ಟು ಕಾದೆ. ಗಿಡ ಮೊಣಕಾಲು ದಾಟಲಿಲ್ಲ.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಕೋಮಲ್ ಬಳ್ಳಿ ತಳಿ. ತುಕ್ಕು ರೋಗ ತಡೆಯುತ್ತದೆ, ಕಾಯಿಯಲ್ಲಿ ನಾರಿಲ್ಲ. ಅದೇ ಸಂಸ್ಥೆಯ ಅರ್ಕಾ ಕೋಮಲ್ ಹೆಸರು ಕೇಳಲು ಅಣ್ಣತಮ್ಮಂದಿರ ಹಾಗಿದೆ, ಆದರೆ ಅದು ಗಿಡ. ಹೆಸರು ಸರಿಯಾಗಿ ಓದಿಕೊಳ್ಳಿ. ಅಲಸಂದೆಯಲ್ಲಿ ಅರ್ಕಾ ಮಂಗಳ ಇದೆ, ಕಾಯಿ ಎರಡಡಿ ದಾಟುತ್ತದೆ, ಜಡೆ ಹಾಗೆ ಇಳಿಬಿದ್ದಿರುತ್ತದೆ. ಕೆಂಟಕಿ ವಂಡರ್ ಎನ್ನುವುದು ಹಳೇ ಅಮೆರಿಕನ್ ಬಳ್ಳಿ ತಳಿ, ಇಲ್ಲಿಯೂ ಬೀಜದಂಗಡಿಗಳಲ್ಲಿ ಸಿಗುತ್ತದೆ.

ಆದರೆ ಕೇಳಿದರೆ ನಾನು ಹೇಳುವುದು ನಾಟಿ ಬೀಜ. ಊರಿಗೆ ಹೋದಾಗ ಯಾರದಾದರೂ ಹಿತ್ತಲಲ್ಲಿ ಕೇಳಿ, ಹತ್ತು ಬೀಜ ಸಾಕು. ನಾರು ಸ್ವಲ್ಪ ಇರುತ್ತದೆ, ಬಿಡಿಸುವಾಗ ಎಳೆದು ತೆಗೆಯಬೇಕು. ರುಚಿ ಮಾತ್ರ ಪೇಟೆ ಬೀನ್ಸ್‌ಗೆ ಬರುವುದಿಲ್ಲ.

ಅಡುಗೆಮನೆ ಡಬ್ಬಿಯಲ್ಲಿರುವ ರಾಜ್ಮಾ ಹಾಕಿದರೆ?

ಮೊಳೆಯುತ್ತದೆ. ಅದೂ ಇದೇ ಜಾತಿ. ಆದರೆ ಕಾಳಿಗೆಂದೇ ಬೆಳೆಸಿದ ತಳಿ, ಹಸಿ ಕಾಯಿ ಬೇಗ ನಾರಾಗುತ್ತದೆ. ಬಳ್ಳಿಯಾಗುತ್ತದೋ ಗಿಡವಾಗುತ್ತದೋ ಎನ್ನುವುದು ನಿಮ್ಮ ಅದೃಷ್ಟ. ಮಕ್ಕಳಿಗೆ ಮೊಳಕೆ ತೋರಿಸಲು ಚೆನ್ನ.

ಬೀಜ ರಾತ್ರಿಯಿಡೀ ನೆನೆಸಬೇಕಾ?

ಬೇಡ. ಅವರೆ, ಕಡಲೆ ನೆನೆಸುವ ಅಭ್ಯಾಸ ಇರುವುದರಿಂದ ಎಲ್ಲರೂ ಹಾಗೇ ಮಾಡುತ್ತಾರೆ. ಬೀನ್ಸ್ ಬೀಜ ನೀರು ಜಾಸ್ತಿ ಕುಡಿದರೆ ಸಿಪ್ಪೆ ಒಡೆದು ಬೇಳೆ ಬೇರೆಯಾಗಿ ಮಣ್ಣಲ್ಲೇ ಕೊಳೆಯುತ್ತದೆ. ತೀರಾ ಹಳೇ ಬೀಜವಾದರೆ ಎರಡು ಮೂರು ಗಂಟೆ ಸಾಕು. ನಾನು ಹಿಂದಿನ ಸಂಜೆ ಮಣ್ಣನ್ನು ಚೆನ್ನಾಗಿ ನೆನೆಸಿ, ಬೆಳಗ್ಗೆ ಒಣ ಬೀಜವನ್ನೇ ಒಂದಿಂಚು ಆಳಕ್ಕೆ ಊರುತ್ತೇನೆ. ಆಮೇಲೆ ಮೊಳಕೆ ಕಾಣುವ ತನಕ ನೀರು ಚಿಮುಕಿಸಿದರೆ ಸಾಕು, ಬಿಂದಿಗೆಗಟ್ಟಲೆ ಸುರಿಯಬೇಡಿ. ಐದರಿಂದ ಎಂಟು ದಿನದಲ್ಲಿ ಕೊಕ್ಕರೆ ಕುತ್ತಿಗೆ ಬಗ್ಗಿಸಿದ ಹಾಗೆ ಮೇಲೆ ಬರುತ್ತದೆ.

ಬೇರೆ ಕಡೆ ಸಸಿ ಮಾಡಿ ಕಿತ್ತು ನೆಡುವುದು ಬೇಡ. ಬೇರು ಮುಟ್ಟಿದರೆ ಈ ಬಳ್ಳಿ ಮುನಿಸಿಕೊಳ್ಳುತ್ತದೆ. ಎಲ್ಲಿ ಬೆಳೆಯಬೇಕೋ ಅಲ್ಲೇ ಬೀಜ ಹಾಕಿ, ಒಂದು ಕಡೆ ಎರಡೆರಡು. ಚೆನ್ನಾಗಿ ಬಂದದ್ದನ್ನು ಬಿಟ್ಟು ಇನ್ನೊಂದನ್ನು ಚಿವುಟಿ ತೆಗೆಯಿರಿ.

ಎಷ್ಟು ದೊಡ್ಡ ಕುಂಡ? ಮಣ್ಣು ಹೇಗಿರಬೇಕು?

ಹನ್ನೆರಡು ಇಂಚು ಅಗಲ, ಅಷ್ಟೇ ಆಳದ ಗ್ರೋಬ್ಯಾಗಿಗೆ ಮೂರು ಬಳ್ಳಿ. ನಾಲ್ಕು ಹಾಕಿದರೆ ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ನೀರು ಹೊರಬೇಕು. ಪೇಂಟ್ ಬಕೆಟ್ಟೂ ಆಗುತ್ತದೆ, ತಳಕ್ಕೆ ತೂತು ಮಾಡಿ. ನೆಲದಲ್ಲಾದರೆ ಸಾಲಿನೊಳಗೆ ಒಂದೊಂದು ಗೇಣು ಬಿಟ್ಟು ಹಾಕಿ, ಸಾಲಿಂದ ಸಾಲಿಗೆ ನೀವು ನಡುವೆ ನಡೆದು ಕಾಯಿ ಕೀಳುವಷ್ಟು ಜಾಗ ಇರಲಿ.

ಕೆಮ್ಮಣ್ಣು ಒಂದು ಪಾಲು, ಕೊಕೊಪೀಟ್ ಒಂದು ಪಾಲು, ಹಳೇ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಒಂದು ಪಾಲು, ಒಂದು ಹಿಡಿ ಬೇವಿನ ಹಿಂಡಿ. ಮಲೆನಾಡಿನವರಿಗೆ ಸುಡುಮಣ್ಣು, ಅಂದರೆ ಒಣ ಎಲೆ-ಕಸದ ಜೊತೆ ಸುಟ್ಟ ಮಣ್ಣು, ಸಿಕ್ಕರೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ನೀರು ನಿಲ್ಲಬಾರದು, ಅದೊಂದು ಮುಖ್ಯ. ಆರು ಗಂಟೆಯಾದರೂ ಬಿಸಿಲು ಬೀಳಬೇಕು. ಎರಡು ಕಟ್ಟಡಗಳ ಸಂದಿಯಲ್ಲಿ ಒಂದು ಗಂಟೆ ಬಿಸಿಲು ಬರುವ ಜಾಗ ಇದ್ದರೆ ಅಲ್ಲಿ ಒಂದೆಲಗ ಹಾಕಿ, ಬೀನ್ಸ್ ಬೇಡ.

ಗಳ ಯಾವುದು, ಹೇಗೆ ಕಟ್ಟುವುದು?

ಮೊದಲು ಗಳ, ಆಮೇಲೆ ಬೀಜ. ಬಹಳ ಜನ ಬಳ್ಳಿ ಒಂದಡಿ ಬಂದ ಮೇಲೆ ಕೋಲು ಹುಡುಕಲು ಹೋಗುತ್ತಾರೆ. ಅಷ್ಟರಲ್ಲಿ ಬಳ್ಳಿಗಳು ಒಂದನ್ನೊಂದು ಸುತ್ತಿಕೊಂಡು ಗಂಟಾಗಿರುತ್ತವೆ, ಬಿಡಿಸಲು ಹೋದರೆ ಕುಡಿ ಮುರಿಯುತ್ತದೆ. ಕೋಲು ಚುಚ್ಚುವಾಗ ಬೇರಿಗೂ ಏಟು.

ಊರಲ್ಲಿ ನಾವು ಅಡಿಕೆ ದಬ್ಬೆ, ಅಂದರೆ ಅಡಿಕೆ ಮರ ಸೀಳಿದ ಪಟ್ಟಿ, ಬಳಸುತ್ತಿದ್ದೆವು. ಒರಟಾಗಿರುವುದರಿಂದ ಬಳ್ಳಿಗೆ ಹಿಡಿತ ಸಿಗುತ್ತದೆ. ಬೆಂಗಳೂರಲ್ಲಿ ಬಿದಿರು, ಇಲ್ಲದಿದ್ದರೆ ಕಟ್ಟಡದ ಕೆಲಸದವರ ಹತ್ತಿರ ಮಿಕ್ಕ ಸರ್ವೆ ಗಳ. ಏಳೆಂಟು ಅಡಿ ಇರಲಿ, ಒಂದಡಿ ಮಣ್ಣೊಳಗೆ ಹೋಗುತ್ತದೆ. ನಯವಾದ ಪಿವಿಸಿ ಪೈಪು ಬೇಡ, ಬಳ್ಳಿ ಹತ್ತುತ್ತದೆ, ಭಾರ ಬಂದಾಗ ಜಾರಿ ಕುಸಿಯುತ್ತದೆ. ಪೈಪೇ ಇದ್ದರೆ ತೆಂಗಿನ ನಾರಿನ ಹಗ್ಗ ಸುತ್ತಿ. ಕಬ್ಬಿಣದ ಸರಳು ಮಹಡಿ ಬಿಸಿಲಲ್ಲಿ ಕಾದು ಎಳೇ ಕುಡಿಯನ್ನು ಬಾಡಿಸುತ್ತದೆ.

ಕುಂಡಕ್ಕೆ ಸುಲಭದ್ದು ಗುಡಿಸಲ ಕಟ್ಟು. ಮೂರು ಗಳ ಚುಚ್ಚಿ ತುದಿ ಒಟ್ಟಿಗೆ ಸೇರಿಸಿ ಬಿಗಿಯಾಗಿ ಕಟ್ಟಿ. ನೆಲದಲ್ಲಾದರೆ ಎರಡು ಗಟ್ಟಿ ಕಂಬ, ಮೇಲೊಂದು ಅಡ್ಡಗಳ, ಅದರಿಂದ ಸಣಬಿನ ಹುರಿ ಇಳಿಬಿಡಿ. ಬೆಳೆ ಮುಗಿದ ಮೇಲೆ ಹುರಿ ಸಮೇತ ಕತ್ತರಿಸಿ ಗೊಬ್ಬರದ ಗುಂಡಿಗೆ ಹಾಕಬಹುದು. ಪ್ಲಾಸ್ಟಿಕ್ ಬಲೆ ಬಳಸಿದರೆ ಒಣ ಬಳ್ಳಿ ಬಿಡಿಸಲು ಒಂದು ಭಾನುವಾರ ಹೋಗುತ್ತದೆ.

ಭಾರವನ್ನು ಕಡಿಮೆ ಅಂದಾಜು ಮಾಡಬೇಡಿ. ಮಳೆಯಲ್ಲಿ ನೆನೆದ ಬಳ್ಳಿಯ ಮೇಲೆ ಗಾಳಿ ಬಿದ್ದರೆ ಅದು ಹಾಯಿ ಇದ್ದ ಹಾಗೆ. ನನ್ನ ಮೊದಲ ಚಪ್ಪರ ರಾತ್ರಿ ಒಂದು ಗಂಟೆಗೆ ಬಿದ್ದು, ಕೆಳಗಿನ ಮನೆಯವರು ಕಳ್ಳ ಬಂದ ಎಂದು ದೀಪ ಹಾಕಿದ್ದರು. ಮಹಡಿಯಲ್ಲಾದರೆ ಗಳವನ್ನು ಪ್ಯಾರಾಪೆಟ್ಟಿಗೋ ಕಂಬಿಗೋ ಬಿಗಿಯಲೇಬೇಕು.

ಜೋಳಕ್ಕೆ ಹಬ್ಬಿಸಬಹುದಾ ಎಂದೂ ಕೇಳುತ್ತಾರೆ. ಅಮೆರಿಕದ ಮೂಲನಿವಾಸಿಗಳು ಮೆಕ್ಕೆಜೋಳ, ಬೀನ್ಸ್, ಕುಂಬಳ ಮೂರನ್ನೂ ಒಂದೇ ಪಾತಿಯಲ್ಲಿ ಬೆಳೆಯುತ್ತಿದ್ದರು. ನಮ್ಮ ರಾಗಿ ಹೊಲದ ಅಕ್ಕಡಿ ಸಾಲಿನ, ಅಂದರೆ ರಾಗಿ ಸಾಲುಗಳ ನಡುವೆ ಬಿತ್ತುವ, ಅವರೆಯೂ ಅದೇ ಬುದ್ಧಿವಂತಿಕೆಯದು. ಜೋಳ ಮೊಣಕಾಲೆತ್ತರ ಬಂದ ಮೇಲೆ ಬೀನ್ಸ್ ಹಾಕಿ. ಒಟ್ಟಿಗೆ ಹಾಕಿದರೆ ಬಳ್ಳಿ ಜೋಳವನ್ನೇ ಎಳೆದು ಮಲಗಿಸುತ್ತದೆ.

ಬಳ್ಳಿಯನ್ನು ಕೋಲಿಗೆ ಸುತ್ತಿಸಿದರೂ ಬೆಳಗ್ಗೆ ಬಿಚ್ಚಿಕೊಂಡಿರುತ್ತದೆ. ಯಾಕೆ?

ಉಲ್ಟಾ ಸುತ್ತಿಸಿರುತ್ತೀರಿ. ಬೀನ್ಸ್ ಬಳ್ಳಿಯನ್ನು ಮೇಲಿನಿಂದ ನೋಡಿದರೆ ಅದು ಗಡಿಯಾರದ ಮುಳ್ಳಿಗೆ ಎದುರು ಸುತ್ತುತ್ತದೆ. ದೇವಸ್ಥಾನದಲ್ಲಿ ನಾವು ಪ್ರದಕ್ಷಿಣೆ ಹಾಕುವ ದಿಕ್ಕಿಗೆ ಉಲ್ಟಾ ಎಂದು ನೆನಪಿಟ್ಟುಕೊಳ್ಳಿ. ನೀವು ಪ್ರದಕ್ಷಿಣೆ ಮಾಡಿಸಿದರೆ ಅದು ರಾತ್ರೋರಾತ್ರಿ ಬಿಚ್ಚಿಕೊಂಡು ತನ್ನ ದಾರಿ ಹಿಡಿಯುತ್ತದೆ. ಅದರ ಕುಡಿ ಗಾಳಿಯಲ್ಲಿ ಆಸರೆ ಹುಡುಕುತ್ತಾ ವೃತ್ತ ಬಿಡಿಸುತ್ತಿರುತ್ತದೆ, ಬೆಚ್ಚಗಿನ ದಿನ ಸುಮಾರು ಎರಡು ಗಂಟೆಗೆ ಒಂದು ಸುತ್ತು. ಬೆಳಗ್ಗೆ ಕಾಫಿ ಹೊತ್ತಿಗೆ ಒಂದು ಫೋಟೊ, ಸ್ನಾನ-ತಿಂಡಿ ಮುಗಿಸಿ ಇನ್ನೊಂದು ತೆಗೆಯಿರಿ, ಗೊತ್ತಾಗುತ್ತದೆ. ಕುಡಿಯನ್ನು ಗಳಕ್ಕೆ ತಾಗಿಸಿ ಬಿಟ್ಟರೆ ಸಾಕು, ಉಳಿದದ್ದು ಅದೇ ನೋಡಿಕೊಳ್ಳುತ್ತದೆ.

ಗಳದ ತುದಿ ಮುಟ್ಟಿದ ಮೇಲೆ ಕುಡಿ ಚಿವುಟಿ. ಪಕ್ಕದ ಕವಲು ಒಡೆಯುತ್ತದೆ.

ಎಲೆ ಸೊಂಪಾಗಿದೆ, ಹೂ ಇಲ್ಲ. ಯಾವ ಗೊಬ್ಬರ ಹಾಕಲಿ?

ಯಾವುದೂ ಬೇಡ! ಹಾಕಿದ್ದೇ ಜಾಸ್ತಿಯಾಗಿರುತ್ತದೆ. ಯೂರಿಯಾ, ಹಸಿ ಸಗಣಿ, ವಾರ ವಾರ ಹಿಂಡಿ ನೀರು, ಇವೆಲ್ಲ ಸಾರಜನಕ. ಸಾರಜನಕ ಜಾಸ್ತಿಯಾದರೆ ಬಳ್ಳಿ ಎಲೆ ಮಾಡುತ್ತಾ ಕೂರುತ್ತದೆ. ಅದಕ್ಕೆ ಕಾಯಿ ಬಿಡುವ ಅವಸರವೇ ಇರುವುದಿಲ್ಲ. ಬೀಜ ಹಾಕುವಾಗ ಕೊಟ್ಟ ಕೊಟ್ಟಿಗೆ ಗೊಬ್ಬರ, ಹೂ ಮೊಗ್ಗು ಕಾಣುವಾಗ ಒಂದು ಹಿಡಿ ಎರೆಗೊಬ್ಬರ ಮತ್ತು ಒಂದು ಚಮಚ ಸೌದೆ ಬೂದಿ, ಅಷ್ಟು ಸಾಕು.

ಹೂ ಬರುತ್ತದೆ, ಉದುರಿಹೋಗುತ್ತದೆ.

ಏಪ್ರಿಲ್ ಆಗಿದ್ದರೆ ಬಿಸಿಲು. ಹಸಿರು ನೆರಳುಬಲೆ ಕಟ್ಟಿ ನೋಡಿ, ಸ್ವಲ್ಪ ನಿಲ್ಲುತ್ತದೆ. ಬೇರೆ ತಿಂಗಳಾದರೆ ನೀರು. ಹೂ ಬಿಡುವಾಗ ಕುಂಡ ಒಂದು ದಿನ ಒಣಗಿದರೂ ಹೂ ಚೆಲ್ಲುತ್ತದೆ. ಜೇನು ಬರುತ್ತಿಲ್ಲ ಎಂದು ಕುಂಚ ಹಿಡಿದು ಪರಾಗಸ್ಪರ್ಶ ಮಾಡುವವರನ್ನೂ ನೋಡಿದ್ದೇನೆ. ಬೀನ್ಸ್‌ಗೆ ಅದು ಬೇಡ, ಹೂ ಅರಳುವ ಹೊತ್ತಿಗೆ ಒಳಗೇ ಕೆಲಸ ಮುಗಿದಿರುತ್ತದೆ. ಕುಂಬಳಕ್ಕೆ ಮಾಡಿ, ಅದಕ್ಕೆ ಬೇಕು.

ಬುಡಕ್ಕೆ ದರಗಿನ, ಅಂದರೆ ಒಣಗಿದ ಎಲೆಗಳ, ಹೊದಿಕೆ ಹಾಕಿ. ನೀರು ಬೆಳಗ್ಗೆ ಹೊತ್ತು, ಬುಡಕ್ಕೆ ಮಾತ್ರ.

ಬೇರಿನಲ್ಲಿ ಗಂಟು ಗಂಟಾಗಿದೆ. ರೋಗವಾ?

ಇರಬಹುದು, ಇಲ್ಲದಿರಬಹುದು. ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡ ಹಾಗಿದ್ದು ಉಗುರಲ್ಲಿ ತಟ್ಟಿದರೆ ಉದುರಿದರೆ ಅದು ಒಳ್ಳೆಯದು. ರೈಜೋಬಿಯಂ ಎನ್ನುವ ಬ್ಯಾಕ್ಟೀರಿಯಾ ಅಲ್ಲಿ ಮನೆ ಮಾಡಿ ಗಾಳಿಯ ಸಾರಜನಕವನ್ನು ಬಳ್ಳಿಗೆ ಕೊಡುತ್ತಿರುತ್ತದೆ. ಒಂದನ್ನು ಸೀಳಿ ನೋಡಿ, ಒಳಗೆ ನಸುಗೆಂಪು ಇದ್ದರೆ ಕೆಲಸ ನಡೆಯುತ್ತಿದೆ. ಬೇರೇ ಊದಿಕೊಂಡು ಗಂಟಾಗಿದ್ದು ಬಿಡಿಸಲು ಬಾರದಿದ್ದರೆ ಅದು ಜಂತುಹುಳು, ಅಂದರೆ ಬೇರಿಗೆ ಹೊಕ್ಕುವ ಮಣ್ಣಿನ ಸಣ್ಣ ಹುಳ (ನೆಮಟೋಡ್). ಆ ಮಣ್ಣನ್ನು ಬಿಸಿಲಿಗೆ ಹರವಿ ಒಣಗಿಸಿ, ಮುಂದಿನ ಸಲ ಅಲ್ಲಿ ಚೆಂಡುಹೂ ಹಾಕಿ.

ರೈಜೋಬಿಯಂ ಪೊಟ್ಟಣ ಕೃಷಿ ವಿಶ್ವವಿದ್ಯಾಲಯಗಳಲ್ಲಿ, ಜೈವಿಕ ಗೊಬ್ಬರದ ಅಂಗಡಿಗಳಲ್ಲಿ ಸಿಗುತ್ತದೆ. ಬೆಲ್ಲದ ನೀರಿಗೆ ಕಲಸಿ ಬೀಜಕ್ಕೆ ಲೇಪಿಸಿ ನೆರಳಲ್ಲಿ ಆರಿಸಿ ಹಾಕಬೇಕು. ಬೀನ್ಸ್‌ಗೆ ಬೇಕಾದದ್ದೇ ಬೇರೆ, ಅಲಸಂದೆಗೆ ಬೇಕಾದದ್ದೇ ಬೇರೆ, ಕೇಳಿ ತೆಗೆದುಕೊಳ್ಳಿ. ನಿಜ ಹೇಳಬೇಕೆಂದರೆ ಬೇಳೆಕಾಳುಗಳ ಕುಟುಂಬದಲ್ಲಿ ಬೀನ್ಸ್ ಈ ವಿಷಯದಲ್ಲಿ ಸ್ವಲ್ಪ ಸೋಮಾರಿ. ಅದಕ್ಕೇ ಅದಕ್ಕೆ ಗೊಬ್ಬರ ಪೂರ್ತಿ ಬಿಡುವ ಹಾಗೂ ಇಲ್ಲ.

ಕುಡಿ ತುಂಬ ಕಪ್ಪು ಹೇನು. ಏನು ಹೊಡೆಯಲಿ?

ಮೊದಲು ಇರುವೆ ಸಾಲು ಎಲ್ಲಿಂದ ಬರುತ್ತಿದೆ ನೋಡಿ. ಹೇನು ಬಿಡುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ದನ ಕಾದ ಹಾಗೆ ಕಾಯುತ್ತವೆ. ಅಲಸಂದೆ, ಅವರೆಗೆ ಈ ಕಾಟ ಜಾಸ್ತಿ. ಮೊದಲ ದಿನ ನೀರಿನ ಪೈಪಲ್ಲಿ ಜೋರಾಗಿ ಹೊಡೆದು ಬೀಳಿಸಿ. ತೀರಾ ಮುತ್ತಿದ ಕುಡಿಯನ್ನು ಕತ್ತರಿಸಿ ಎಸೆಯಿರಿ. ಆಮೇಲೂ ಇದ್ದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಎಣ್ಣೆ ನೀರಲ್ಲಿ ಬೆರೆಯಲು ಸ್ವಲ್ಪ ಅಂಟುವಾಳದ ನೀರು, ಸಂಜೆ ಹೊತ್ತು ಎಲೆಯ ಅಡಿಗೂ ಬೀಳುವ ಹಾಗೆ ಸಿಂಪಡಿಸಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಗುಲಗಂಜಿ ಹುಳ, ಅಂದರೆ ಆ ಕೆಂಪು ಚುಕ್ಕೆ ಹುಳ ಕಂಡರೆ ಸಿಂಪಡಣೆ ನಿಲ್ಲಿಸಿ. ಅದೂ ಅದರ ಮರಿಗಳೂ ಹೇನನ್ನೇ ತಿಂದು ಬದುಕುತ್ತವೆ.

ಸಸಿ ಚೆನ್ನಾಗಿ ಬಂದು ಹದಿನೈದು ದಿನಕ್ಕೆ ಒಂದೊಂದಾಗಿ ಬಾಡುತ್ತಿವೆ.

ಬಾಡಿದ ಸಸಿಯ ಬುಡ ನೋಡಿ. ಮಣ್ಣಿನ ಮಟ್ಟದಲ್ಲಿ ಊದಿ ಸೀಳಿದ ಹಾಗಿದ್ದರೆ ಕಾಂಡದ ನೊಣ. ಎಲೆ ಮೇಲೆ ಮೊಟ್ಟೆ ಇಟ್ಟು, ಮರಿಹುಳ ಕಾಂಡದೊಳಗೇ ಇಳಿದು ಬುಡಕ್ಕೆ ಬಂದಿರುತ್ತದೆ. ಆ ಸಸಿ ಹೋಯಿತು, ಕಿತ್ತು ಸುಡಿ. ಉಳಿದವಕ್ಕೆ ಬುಡಕ್ಕೆ ಎರಡಿಂಚು ಮಣ್ಣೇರಿಸಿ, ಮೇಲಿನಿಂದ ಹೊಸ ಬೇರು ಬಿಟ್ಟು ಬದುಕಿಕೊಳ್ಳುತ್ತವೆ. ಸಸಿ ಎರಡೆಲೆ ಇದ್ದಾಗಿನಿಂದಲೇ ವಾರಕ್ಕೊಮ್ಮೆ ಬೇವಿನೆಣ್ಣೆ ಹೊಡೆದರೆ ಇದು ಕಡಿಮೆ.

ಸಸಿ ಪೂರ್ತಿ ಮಾಯವಾಗಿದ್ದರೆ ಪಾರಿವಾಳ. ಬೆಂಗಳೂರಲ್ಲಿ ಇದಕ್ಕಿಂತ ದೊಡ್ಡ ಕೀಟ ಇಲ್ಲ. ನೀರಿನ ಬಾಟಲಿಯ ತಳ ಕತ್ತರಿಸಿ, ಮುಚ್ಚಳ ತೆಗೆದು ಸಸಿಯ ಮೇಲೆ ಬೋರಲು ಹಾಕಿ. ಮಳೆಗಾಲದಲ್ಲಿ ಎಲೆ ಅರ್ಧಂಬರ್ಧ ತಿಂದು ಹೊಳೆಯುವ ಗೆರೆ ಬಿಟ್ಟಿದ್ದರೆ ಬಸವನಹುಳು, ರಾತ್ರಿ ಟಾರ್ಚ್ ಹಿಡಿದು ಕವರು ಹಾಕಿಕೊಂಡ ಕೈಯಲ್ಲಿ ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ.

ಎಲೆಯಲ್ಲಿ ಕಂದು ಪುಡಿ, ಕೆಲವು ಎಲೆ ಹಳದಿ ಮಚ್ಚೆ.

ಬೆರಳಲ್ಲಿ ಉಜ್ಜಿದರೆ ಕಬ್ಬಿಣದ ತುಕ್ಕಿನ ಹಾಗೆ ಹತ್ತಿಕೊಂಡರೆ ತುಕ್ಕು ರೋಗ. ಆ ಎಲೆ ಕಿತ್ತುಹಾಕಿ, ಬಳ್ಳಿಗಳ ನಡುವೆ ಗಾಳಿ ಆಡುವ ಹಾಗೆ ಮಾಡಿ. ಎಲೆ ಒದ್ದೆ ಇರುವಾಗ ಬಳ್ಳಿಗೆ ಕೈ ಹಾಕಬೇಡಿ, ಕಾಯಿ ಕೀಳಲೂ ಬೇಡ. ಒಂದು ಬಳ್ಳಿಯಿಂದ ಇನ್ನೊಂದಕ್ಕೆ ರೋಗ ಹಂಚುವವರು ನಾವೇ.

ಹೊಸ ಎಲೆಯಲ್ಲಿ ಹಸಿರು-ಹಳದಿ ಕಲಸಿದ ಹಾಗೆ ಬಂದರೆ ಅದು ನಂಜು ರೋಗ, ಬಿಳಿನೊಣ ಹರಡುವಂಥದ್ದು. ಔಷಧಿ ಇಲ್ಲ. ಅಯ್ಯೋ ಪಾಪ ಎಂದು ಉಳಿಸಿಕೊಳ್ಳಬೇಡಿ, ಬೇರುಸಹಿತ ಕೀಳಿ. ಬುಡದ ಹಳೇ ಎಲೆ ಒಂದೆರಡು ಹಳದಿಯಾದರೆ ಮಾತ್ರ ಚಿಂತೆ ಬೇಡ, ಅದು ವಯಸ್ಸು.

ಯಾವಾಗ ಕೀಳಬೇಕು?

ನೀವು ಅಂದುಕೊಂಡಿದ್ದಕ್ಕಿಂತ ಎರಡು ದಿನ ಮೊದಲು. ಕಾಯಿ ಬಗ್ಗಿಸಿದರೆ ಪಟ್ ಎಂದು ಮುರಿಯಬೇಕು, ಒಳಗಿನ ಕಾಳು ಹೊರಗಿಂದ ಉಬ್ಬಿ ಕಾಣಬಾರದು. ಎರಡು-ಮೂರು ದಿನಕ್ಕೊಮ್ಮೆ ಕೀಳಲೇಬೇಕು. ಒಂದು ನಾಲ್ಕು ಕಾಯಿ ಬಲಿತು ಬೀಜವಾದರೆ ಬಳ್ಳಿ "ನನ್ನ ಕೆಲಸ ಮುಗಿಯಿತು" ಎಂದು ಹೂ ನಿಲ್ಲಿಸುತ್ತದೆ. ಮದುವೆಗೆಂದು ವಾರ ಊರಿಗೆ ಹೋಗುವವರು ಪಕ್ಕದ ಮನೆಯವರಿಗೆ ಕೀಳಲು ಹೇಳಿ ಹೋಗಿ. ಅವರಿಗೆ ಪಲ್ಯ, ನಿಮಗೆ ಬಳ್ಳಿ.

ಒಂದು ಕೈಯಲ್ಲಿ ಬಳ್ಳಿ ಹಿಡಿದು ಇನ್ನೊಂದರಲ್ಲಿ ಕಾಯಿ ಕೀಳಿ. ಎಳೆದರೆ ಗೊಂಚಲೇ ಕಿತ್ತು ಬರುತ್ತದೆ, ಅದೇ ತೊಟ್ಟಲ್ಲಿ ಮುಂದಿನ ಹೂ ಇರುತ್ತದೆ. ಅಲಸಂದೆಗಂತೂ ಇದು ಬಹಳ ಮುಖ್ಯ.

ನಾಲ್ಕು ಜನರ ಮನೆಗೆ ಎಷ್ಟು ಬಳ್ಳಿ ಬೇಕು?

ನಮ್ಮ ಮನೆಯ ಲೆಕ್ಕದಲ್ಲಿ ಐದು ಗ್ರೋಬ್ಯಾಗು, ಹದಿನೈದು ಬಳ್ಳಿ. ಚೆನ್ನಾಗಿ ಬಿಡುವಾಗ ವಾರಕ್ಕೆ ಎರಡು ಪಲ್ಯ, ಒಂದು ಹುಳಿ ಆಗುತ್ತದೆ. ಎಲ್ಲ ಒಂದೇ ದಿನ ಹಾಕಬೇಡಿ, ಮೂರು ವಾರ ಬಿಟ್ಟು ಅರ್ಧ ಹಾಕಿ. ಎರಡೇ ಬಳ್ಳಿ ಹಾಕಿದರೆ ಒಂದು ದಿನಕ್ಕೆ ಏಳು ಕಾಯಿ ಸಿಗುತ್ತದೆ, ಅದನ್ನು ಫ್ರಿಜ್ಜಲ್ಲಿಟ್ಟು ಮುಂದಿನ ಏಳಕ್ಕೆ ಕಾಯಬೇಕು. ಅಲಸಂದೆ ಆರು ಬಳ್ಳಿ ಸಾಕು. ಚಪ್ಪರದವರೆ ಒಂದೇ ಒಂದು! ಎರಡು ಹಾಕಿದವರು ಬೀದಿಗೆಲ್ಲ ಹಂಚುತ್ತಾರೆ.

ಎಳೇ ಕಾಯಿ ಹಸಿಯಾಗಿ ತಿನ್ನಬಹುದಾ? ಮಕ್ಕಳು ಕಿತ್ತು ತಿನ್ನುತ್ತವೆ.

ಬಿಡಬೇಡಿ. ಬೀನ್ಸ್‌ನಲ್ಲಿ ಲೆಕ್ಟಿನ್ ಎನ್ನುವ ಪದಾರ್ಥ ಇದೆ. ಬಲಿತ ಕಾಳಿನಲ್ಲಿ, ಅದರಲ್ಲೂ ಕೆಂಪು ರಾಜ್ಮಾದಲ್ಲಿ ಬಹಳ. ಹಸಿಯಾಗಿ ನಾಲ್ಕೈದು ಕಾಳು ತಿಂದರೂ ವಾಂತಿ, ಹೊಟ್ಟೆನೋವು ಬರಬಹುದು. ಬೇಯಿಸಿದರೆ ಹೋಗುತ್ತದೆ. ಒಣ ಕಾಳಾದರೆ ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ. ಅರೆಬೆಂದದ್ದು ಬೇಡ. ಎಳೇ ಕಾಯಿಯನ್ನು ನಾವು ಹೇಗೂ ಒಗ್ಗರಣೆಯಲ್ಲಿ ಬೇಯಿಸಿ ಕಾಯಿತುರಿ ಹಾಕಿಯೇ ತಿನ್ನುವವರು, ಅಲ್ಲಿ ಭಯವಿಲ್ಲ.

ಅಮೆರಿಕದಲ್ಲಿದ್ದೇವೆ. ಇಲ್ಲಿ ಚಪ್ಪರದವರೆ ಬರುತ್ತದಾ?

ತೆಂಕಣ ರಾಜ್ಯಗಳಲ್ಲಿ, ಹಿಮ ತಡವಾಗಿ ಬೀಳುವ ಕಡೆ, ಬರುತ್ತದೆ. ಉತ್ತರದಲ್ಲಿ ಕಷ್ಟ. ಬೇಸಿಗೆಯಿಡೀ ಹಗಲು ಉದ್ದ, ಅವರೆ ಹೂ ಬಿಡಲು ಯೋಚಿಸುವ ಹೊತ್ತಿಗೆ ಹಿಮ ಬಿದ್ದು ಬಳ್ಳಿ ಕರಕಲು. ಬಳ್ಳಿ ಬೀನ್ಸ್ ಮಾತ್ರ ನಿಮಗೆ ನಮಗಿಂತ ಚೆನ್ನಾಗಿ ಬರುತ್ತದೆ, ಅದರ ತವರು ಆ ಕಡೆಯೇ ಅಲ್ವಾ. ಕೊನೆಯ ಹಿಮ ಮುಗಿದು ಮಣ್ಣು ಬೆಚ್ಚಗಾದ ಮೇಲೆ ಹಾಕಿ. ಇಲ್ಲಿಂದ ಬೀಜವನ್ನು ಬ್ಯಾಗಿನಲ್ಲಿ ಮುಚ್ಚಿಟ್ಟುಕೊಂಡು ಹೋಗಬೇಡಿ, ವಿಮಾನ ನಿಲ್ದಾಣದಲ್ಲಿ ಹಿಡಿದರೆ ಫಜೀತಿ. ಅಲ್ಲೇ ಒಳ್ಳೆಯ ಬೀಜ ಸಿಗುತ್ತದೆ.

ಮುಂದಿನ ವರ್ಷಕ್ಕೆ ಬೀಜ ಇಟ್ಟುಕೊಳ್ಳುವುದು ಹೇಗೆ?

ಚೆನ್ನಾಗಿ ಕಾಯಿ ಬಿಟ್ಟ ಒಂದು ಬಳ್ಳಿಯನ್ನು ಮೊದಲೇ ಗುರುತು ಮಾಡಿ, ಅದಕ್ಕೊಂದು ಕೆಂಪು ದಾರ ಕಟ್ಟಿ. ಕೊನೆಗೆ ಉಳಿದ ಸೊಟ್ಟ ಕಾಯಿಯನ್ನು ಬೀಜಕ್ಕೆ ಬಿಡುವುದು ಎಲ್ಲರೂ ಮಾಡುವ ಜಿಪುಣತನ. ಆ ಬಳ್ಳಿಯ ಕಾಯಿ ಕೀಳದೆ ಅಲ್ಲೇ ಒಣಗಲು ಬಿಡಿ. ಅಲ್ಲಾಡಿಸಿದರೆ ಗಲಗಲ ಎನ್ನಬೇಕು. ಮಳೆ ಬರುವ ಹಾಗಿದ್ದರೆ ಬಳ್ಳಿ ಸಮೇತ ಕತ್ತರಿಸಿ ಒಳಗೆ ತೂಗುಹಾಕಿ. ಬೀನ್ಸ್ ತನ್ನ ಪರಾಗದಲ್ಲೇ ಕಟ್ಟುವುದರಿಂದ ಎರಡು ತಳಿ ಪಕ್ಕಪಕ್ಕ ಇದ್ದರೂ ಬೆರಕೆ ಅಪರೂಪ.

ಬಿಡಿಸಿದ ಬೀಜವನ್ನು ನೆರಳಲ್ಲಿ ವಾರ ಒಣಗಿಸಿ. ಹಲ್ಲಿಂದ ಕಚ್ಚಿದರೆ ಗುರುತು ಬೀಳಬಾರದು. ನಮ್ಮ ಅಮ್ಮ ಜರಡಿ ಹಿಡಿದ ಬೂದಿ ಬೆರೆಸಿ ಡಬ್ಬಿ ತುಂಬುತ್ತಾರೆ. ಹುಳ ಬರುವುದಿಲ್ಲ. ನಾನು ಇನ್ನೊಂದು ಸೇರಿಸಿದ್ದೇನೆ, ಪೂರ್ತಿ ಒಣಗಿದ ಬೀಜವನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಒಂದು ವಾರ ಫ್ರೀಜರಿನಲ್ಲಿಡುವುದು. ಒಳಗೆ ಮೊಟ್ಟೆ ಇದ್ದರೂ ಸಾಯುತ್ತದೆ. ಹೊರಗೆ ತೆಗೆದ ಮೇಲೆ ಡಬ್ಬಿ ಬೆಚ್ಚಗಾಗುವ ತನಕ ಮುಚ್ಚಳ ತೆರೆಯಬೇಡಿ, ಬೀಜ ಬೆವರುತ್ತದೆ. ಎರಡು-ಮೂರು ವರ್ಷ ಚೆನ್ನಾಗಿ ಮೊಳೆಯುತ್ತದೆ. ಡಬ್ಬಿ ಮೇಲೆ ಹೆಸರು, ವರ್ಷ ಬರೆಯಿರಿ. ನನ್ನ ಹತ್ತಿರ "ಚಿಕ್ಕಮ್ಮನ ಮನೆಯದು" ಎಂದು ಬರೆದ ಮೂರು ಡಬ್ಬಿಗಳಿವೆ, ಯಾವ ಚಿಕ್ಕಮ್ಮ ಎಂದು ಗೊತ್ತಿಲ್ಲ.

ಬೆಳೆ ಮುಗಿದ ಮೇಲೆ ಬಳ್ಳಿ ಕಿತ್ತುಹಾಕಲಾ?

ಕೀಳಬೇಡಿ, ಬುಡದಲ್ಲಿ ಕತ್ತರಿಸಿ. ಬೇರು ಮಣ್ಣಲ್ಲೇ ಕರಗಲಿ. ರೋಗ ಬಂದಿದ್ದರೆ ಮಾತ್ರ ಬೇರುಸಹಿತ ಹೊರಗೆ. ಅದೇ ಮಣ್ಣಿಗೆ ಮತ್ತೆ ಬೀನ್ಸ್ ಹಾಕದೆ ಈ ಸಲ ಮೆಂತ್ಯವನ್ನೂ ಬಿಟ್ಟು ಪಾಲಕ್ಕೋ ದಂಟೋ ಹಾಕಿ, ಮೆಂತ್ಯವೂ ಇದೇ ಕುಟುಂಬದ್ದು. ಗಳಗಳನ್ನು ಬಿಸಿಲಿಗೆ ಒಣಗಿಸಿ, ಮಳೆ ತಾಗದ ಕಡೆ ನಿಲ್ಲಿಸಿಡಿ. ಬಿದಿರು ಹೀಗೆ ನೋಡಿಕೊಂಡರೆ ಮೂ‌ರು ಬೆಳೆಗೆ ಬರುತ್ತದೆ.